ಗಡ್ಡಪ್ಪನ ಪೆಟ್ಟಿಗೆ

ಕೋಳಿಮರಿ ಮಾಡಿಸುವ ಹ್ಯಾಚರಿಯ ಯಜಮಾನರ ಮಗ ರಜೆ ಕಳೆಯಲು ಮನೆಯವರ ಜೊತೆ ಹೊರಡುವಾಗ ಗಾಜಿನ ಪೆಟ್ಟಿಗೆಯಲ್ಲಿದ್ದ ತನ್ನ ಓತಿಗೆ ನೀರಿಡಲಿಲ್ಲ. ಪೆಟ್ಟಿಗೆಯ ದೀಪ ಆರಿಸಿದ. ಮನೆಗೆ ಬೀಗ ಬಿತ್ತು. ಅವರು ತಿರುಗಿ ಬಂದಾಗ ಓತಿ ಇನ್ನೂ ಬದುಕಿತ್ತು.

ಅದನ್ನು ಬೂಟಿನ ಡಬ್ಬಿಯಲ್ಲಿ ಹಾಕಿಕೊಂಡು ಹ್ಯಾಚರಿಗೆ ತಂದವರು ಯಜಮಾನರೇ. ಕಾವು ಕೋಣೆಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳ ಮಗಳಿಗೆ ಓತಿ ಸಾಕುವ ಆಸೆಯಿದೆ ಎಂಬ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಎಲ್ಲರೂ ಮೊಟ್ಟೆಯ ತಟ್ಟೆ ಜೋಡಿಸುತ್ತಿದ್ದ ಹೊತ್ತಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಡಬ್ಬಿಯನ್ನು ಆಕೆಯ ಕೈಗಿಟ್ಟರು.

"ಅಂಗಡಿಗೆಲ್ಲ ಯಾಕೆ ಹೋಗ್ತೀಯ? ಇದನ್ನೇ ತಗೊಂಡು ಹೋಗು. ಇನ್ನು ಇದು ನಿಂದೇ."

ಯಜಮಾನರು ಗದರುವ ಮನುಷ್ಯರಲ್ಲ. ಕೆಲಸದವರನ್ನು ಮನೆಯವರಿದ್ದ ಹಾಗೆ ಎನ್ನುತ್ತಿದ್ದರು. ಕೊಡುವುದನ್ನು ನಾಲ್ಕು ಜನರ ಎದುರು ಕೊಡುತ್ತಿದ್ದರು. ಕಿತ್ತುಕೊಳ್ಳುವುದಿದ್ದರೆ ಒಬ್ಬರೇ ಇರುವಾಗ ಕರೆಸುತ್ತಿದ್ದರು. ಆಕೆ ಡಬ್ಬಿ ಹಿಡಿದುಕೊಂಡಳು. ಮುಚ್ಚಳದ ಸಂದಿಯಲ್ಲಿ ಇಣುಕಿದ ಪಕ್ಕದವಳು, "ಇದೇನೇ, ಒಣಗಿಸಿಟ್ಟ ಹಾಗಿದೆ," ಎಂದು ಪಿಸುಗುಟ್ಟಿದಳು.

ಓತಿಯೇ ಬೇಕು ಎಂದು ಡಬ್ಬಿ ಪಡೆದವಳ ಮನೆಯಲ್ಲಿ ತೀರ್ಮಾನವಾದದ್ದು ಸುಮ್ಮನೆ ಅಲ್ಲ. ಮಗಳಿಗೆ ಉಬ್ಬಸ. ತುಪ್ಪುಳದ ಪ್ರಾಣಿ ಯಾವುದೂ ಹತ್ತಿರ ಸುಳಿಯಬಾರದು ಎಂದು ಡಾಕ್ಟರು ಹೇಳಿದ್ದರು. ನಾಯಿ, ಬೆಕ್ಕು, ಮೊಲ ಎಲ್ಲ ಅಲ್ಲಿಗೆ ಮುಗಿಯಿತು. ಗಿಳಿ, ಪಾರಿವಾಳ ಎಂದರೆ ಹ್ಯಾಚರಿಯ ಕಟ್ಟಳೆ ಅಡ್ಡ ಬರುತ್ತಿತ್ತು: ಅಲ್ಲಿ ದುಡಿಯುವವರ ಮನೆಯಲ್ಲಿ ರೆಕ್ಕೆಯ ಜೀವ ಇರಕೂಡದು, ಹೊರಗಿನ ರೋಗ ಮರಿಗಳಿಗೆ ತಗಲುತ್ತದೆ. ಮೀನು ಸಾಕಬಹುದಿತ್ತು. ಮೀನು ನಮ್ಮನ್ನು ನೋಡುವುದಿಲ್ಲ ಎಂದು ಮಗಳು ಬೇಡವೆಂದಳು. ಹೊರಗೆ ಓಡಿ ಆಡಿದರೆ ಉಸಿರು ಸಿಕ್ಕಿಕೊಳ್ಳುವ ಹುಡುಗಿ. ಮನೆಯೊಳಗೆ ತನ್ನ ಜೊತೆಗೊಂದು ಜೀವ ಬೇಕಿತ್ತು ಅವಳಿಗೆ, ಅದು ತನ್ನ ಕಡೆ ಕತ್ತು ತಿರುಗಿಸಬೇಕಿತ್ತು.

ಹಾಗಾಗಿ ಒಂದು ರಜೆಯ ದಿನ ಮನೆಯವರೆಲ್ಲ ಪ್ರಾಣಿಗಳ ಅಂಗಡಿಗೆ ಹೋಗಿದ್ದರು. ಅಂಗಡಿಯವನು ಮೊದಲು ಹಾವು ತೋರಿಸಿದ. ಅತ್ತೆ, ಅದು ಮುಂಬಾಗಿಲಿಂದ ಒಳಗೆ ಬಂದರೆ ತಾನು ಹಿಂಬಾಗಿಲಿಂದ ಹೊರಗೆ ಎಂದು ಹೇಳಿ ಅಂಗಡಿಯ ಮೆಟ್ಟಿಲ ಮೇಲೆ ಹೋಗಿ ನಿಂತರು. ಆಮೆಯನ್ನು ತೋರಿಸಿ, ಇದು ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬದುಕುತ್ತದೆ ಎಂದು ಅವನು ಜಂಬ ಕೊಚ್ಚಿದಾಗ ಅತ್ತೆ ಮೆಟ್ಟಿಲಿಂದಲೇ ಮಾತು ತೂರಿದರು: "ನನ್ನನ್ನ ನೋಡ್ಕೊಳ್ಳೋಕೇ ಇವರಿಗೆ ಪುರುಸೊತ್ತಿಲ್ಲ. ಇವರೆಲ್ಲ ಸತ್ತ ಮೇಲೆ ಅದನ್ನ ಯಾರ ಕುತ್ತಿಗೆಗೆ ಕಟ್ತೀಯಪ್ಪ?" ಚುಕ್ಕೆಚುಕ್ಕೆಯ ಹಲ್ಲಿಯೊಂದಿತ್ತು, ಚೆಂದವಿತ್ತು, ಆದರೆ ಹಗಲೆಲ್ಲ ಮಲಗಿರುತ್ತದೆ, ಕತ್ತಲಾದ ಮೇಲೆ ಏಳುತ್ತದೆ ಎಂದ. ಕತ್ತಲಾದ ಮೇಲೆ ಮಗಳು ಮಲಗಬೇಕು.

ಕೊನೆಗೆ ಗಡ್ಡದ ಓತಿ. ಗದ್ದದ ಕೆಳಗೆ ಮುಳ್ಳುಮುಳ್ಳಿನ ಗಡ್ಡ, ಅಂಗೈಗಿಂತ ಸ್ವಲ್ಪ ಉದ್ದದ ಮೈ. ಹಗಲು ದೀಪದ ಕೆಳಗೆ ಚಳಿ ಕಾಯಿಸಿಕೊಳ್ಳುವ ಮುದುಕನ ಹಾಗೆ ಕೂತಿತ್ತು. ಮಗಳು ಬಗ್ಗಿದಾಗ ಕತ್ತು ಓರೆ ಮಾಡಿ ಅವಳ ಮುಖ ನೋಡಿತು. ಅಲ್ಲಿಗೆ ಇತ್ಯರ್ಥವಾಯಿತು. ಮನೆಯಲ್ಲಿ ಪೆಟ್ಟಿಗೆ ಸಿದ್ಧ ಮಾಡಿಕೊಂಡು ಬಂದು ಒಯ್ಯುತ್ತೇವೆ ಎಂದು ಹೇಳಿ ಬಂದರು.

ಆ ಪೆಟ್ಟಿಗೆ ಅರ್ಧ ಆಗಿತ್ತು, ಅಷ್ಟರಲ್ಲಿ ಈ ಬೂಟಿನ ಡಬ್ಬಿ.

ಊಟದ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ ಡಬ್ಬಿ ತೆರೆದರು. ಅದೇ ಜಾತಿಯ ಓತಿ, ಆದರೆ ಕಣ್ಣು ಗುಳಿಬಿದ್ದಿತ್ತು. ಪಕ್ಕೆಯ ಚರ್ಮ ಸುಕ್ಕಾಗಿ, ಗಾಳಿ ಹೋದ ಚೀಲದಂತೆ ಮಡಿಕೆ ಬಿದ್ದಿತ್ತು. ಹಿಂಗಾಲಿನ ಬೆರಳೊಂದು ಇರಲಿಲ್ಲ. ಅತ್ತೆ ಕನ್ನಡಕ ಏರಿಸಿ ನೋಡಿ, ಇದನ್ನು ಇಟ್ಟುಕೊಳ್ಳುವುದು ಬೇಡ ಎಂದರು. ಇದು ಸಾಯುತ್ತದೆ, ಇವತ್ತಲ್ಲ ನಾಳೆ, ಆಮೇಲೆ ಕೂಸು ಅಳುತ್ತಾಳೆ, ಅತ್ತರೆ ಉಬ್ಬಸ ಏರುತ್ತದೆ. ಅವರು ಮಾಡಿದ ಪಾಪ ನಮ್ಮ ಮನೆಯಲ್ಲಿ ಯಾಕೆ ಸಾಯಬೇಕು? ಗಂಡನೂ ತಾಯಿಯ ಮಾತಿಗೆ ಹೂಂ ಎಂದ. ಅಂಗಡಿಯಲ್ಲಿ ಗುಂಡುಕಲ್ಲಿನ ಹಾಗಿರುವ ಓತಿ ಕಾಯುತ್ತಿದೆ, ಇದನ್ನು ಯಜಮಾನರಿಗೇ ಒಪ್ಪಿಸಿ ಬರೋಣ ಎಂದ. ಆಕೆ ಇಟ್ಟುಕೊಳ್ಳೋಣ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಆರಿಸಬೇಕಾದವಳು ಮಗಳು.

ಮಗಳು ಬಹಳ ಹೊತ್ತು ಡಬ್ಬಿಯೊಳಗೆ ನೋಡಿದಳು. ಓತಿ ಅವಳ ಕಡೆ ಕತ್ತು ತಿರುಗಿಸಲಿಲ್ಲ, ಅದಕ್ಕೆ ತ್ರಾಣವಿರಲಿಲ್ಲ.

"ಅಂಗಡೀದನ್ನ ಯಾರಾದ್ರೂ ತಗೋತಾರೆ," ಎಂದಳು.

ಪೆಟ್ಟಿಗೆ ಮುಗಿಸುವುದಕ್ಕೆ ಗಂಡ ಅಂದೇ ಕೂತ. ಅವನ ಕಸುಬು ಗಾಜು ಕತ್ತರಿಸುವುದು, ಕಿಟಕಿಗೆ ಕೂರಿಸುವುದು. ಅವನು ಕೂರಿಸಿದ ಕಿಟಕಿಯಲ್ಲಿ ಮಳೆಗಾಲದಲ್ಲಿ ಒಂದು ಹನಿ ಒಳಗೆ ಬರುವುದಿಲ್ಲ, ಚಳಿಗಾಲದಲ್ಲಿ ಒಂದು ಎಳೆ ಗಾಳಿ ನುಸುಳುವುದಿಲ್ಲ. ಬೀದಿಯಲ್ಲಿ ಅವನಿಗೆ ಮರ್ಯಾದೆಯಿದ್ದದ್ದು ಅದಕ್ಕೇ. ಪೆಟ್ಟಿಗೆಯ ಅಂಚುಗಳಿಗೆಲ್ಲ ಅಂಟು ಎಳೆದ. ಮುಚ್ಚಳಕ್ಕೆ ರಬ್ಬರಿನ ಪಟ್ಟಿ ಕೊಟ್ಟ. ಉಸಿರಾಟಕ್ಕೆಂದು ಮೂಲೆಯಲ್ಲಿ ಒಂದು ತೂತು ಬಿಟ್ಟ, ಅದನ್ನೂ ಮನಸ್ಸಿಲ್ಲದ ಮನಸ್ಸಿನಿಂದ.

ಕಾವಿನ ಜವಾಬ್ದಾರಿ ಆಕೆಯದಾಯಿತು. ಅದನ್ನು ಯಾರೂ ಚರ್ಚಿಸಲೂ ಇಲ್ಲ. ಹ್ಯಾಚರಿಯ ಕಾವು ಕೋಣೆಯಲ್ಲಿ ಕೋಣೆಯಷ್ಟೇ ದೊಡ್ಡ ಕಪಾಟುಗಳಿದ್ದವು. ಅವುಗಳ ತುಂಬ ಮೊಟ್ಟೆ. ಒಂದು ಮೂಲೆ ತಣ್ಣಗಾದರೆ ಆ ಮೂಲೆಯ ಮೊಟ್ಟೆಗಳು ತಡವಾಗಿ ಒಡೆಯುತ್ತವೆ. ತಡವಾಗಿ ಬಂದ ಮರಿಯನ್ನು ಅಲ್ಲಿ ಯಾರೂ ಕಾಯುವುದಿಲ್ಲ, ಅದು ಬಕೆಟ್ಟಿಗೆ ಹೋಗುತ್ತದೆ. ಆದ್ದರಿಂದ ಆಕೆಯ ಕೆಲಸವೆಲ್ಲ ಒಂದೇ: ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ, ಬಾಗಿಲ ಬುಡಕ್ಕೂ ಹಿಂಬದಿಯ ಗೋಡೆಗೂ ಕಾವಿನಲ್ಲಿ ವ್ಯತ್ಯಾಸ ಬರದ ಹಾಗೆ ನೋಡಿಕೊಳ್ಳುವುದು. ಯಂತ್ರದ ಮುಳ್ಳು ಏನೇ ತೋರಿಸಲಿ, ಆ ಕೋಣೆಯ ಹೆಂಗಸರು ಮೊಟ್ಟೆಯೊಂದನ್ನು ಎತ್ತಿ ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿ ನೋಡುತ್ತಿದ್ದರು. ರೆಪ್ಪೆ ಒಪ್ಪಿದರೆ ಸರಿ.

ಮನೆಯಲ್ಲೂ ಹಾಗೇ ಮಾಡಿದಳು. ಪೆಟ್ಟಿಗೆಯ ನಡುವೆ ದೀಪ ತೂಗುಹಾಕಿಸಿದಳು. ಕಾವು ಒಂದೇ ಕಡೆ ನಿಲ್ಲಬಾರದೆಂದು ಅಂಗೈಯಗಲದ ಫ್ಯಾನು ಕೂರಿಸಿ ಬಿಸಿಗಾಳಿ ಸುತ್ತಾಡುವಂತೆ ಮಾಡಿದಳು. ಗಾಜಿನ ಹೊರಗೆ ಹಳೇ ಕಂಬಳಿ ಸುತ್ತಿದಳು, ಮುಂದುಗಡೆ ಮಾತ್ರ ನೋಡಲು ಬಿಟ್ಟಳು. ನಾಲ್ಕು ಮೂಲೆಯಲ್ಲಿ ನಾಲ್ಕು ಬೆಣಚುಕಲ್ಲು ಇಟ್ಟು, ಕೆಲಸದಿಂದ ಬಂದ ಕೂಡಲೇ ಒಂದೊಂದನ್ನೇ ತೆಗೆದು ರೆಪ್ಪೆಗೆ ಒತ್ತಿ ನೋಡುವಳು. ನಾಲ್ಕೂ ಒಂದೇ. ಇಷ್ಟು ಅಚ್ಚುಕಟ್ಟಾದ ಕಾವು ಹ್ಯಾಚರಿಯ ಹೊಸ ಯಂತ್ರದಲ್ಲೂ ಇರಲಿಲ್ಲ. ಗಂಡ ಅದರ ಫೋಟೊ ತೆಗೆದು ತನ್ನ ಗಾಜಿನ ಅಂಗಡಿಗೆ ಬಂದವರಿಗೆಲ್ಲ ತೋರಿಸಿದ.

ಮೊದಮೊದಲು ಓತಿ ಚೇತರಿಸಿಕೊಂಡಿತು. ಮಗಳು ತುಟಿಯಂಚಿಗೆ ಹನಿಹನಿ ನೀರು ಬಿಟ್ಟಳು, ಅದು ನೆಕ್ಕಿತು. ಉಗುರುಬೆಚ್ಚಗಿನ ನೀರು ಹಾಕಿದ ತಟ್ಟೆಯಲ್ಲಿ ನಿಲ್ಲಿಸಿದರೆ ಕಣ್ಣು ಮುಚ್ಚಿಕೊಂಡು ಸುಮ್ಮನೆ ನಿಂತಿತು. ಪ್ರಾಣಿಗಳ ಅಂಗಡಿಯಿಂದ ತಂದ ಮಿಡತೆಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಬಿಟ್ಟರೆ, ಮೊದಲು ಒಂದು, ಆಮೇಲೆ ಇನ್ನೊಂದು. ಅತ್ತೆ ದೂರದ ಕುರ್ಚಿಯಿಂದಲೇ ಅದಕ್ಕೆ ಗಡ್ಡಪ್ಪ ಎಂದು ಹೆಸರಿಟ್ಟರು. ಗಡ್ಡಪ್ಪ ಮೇಲೆ ಕೆಳಗೆ ತಲೆ ಆಡಿಸುವುದನ್ನು ಮೊದಲ ಸಲ ಕಂಡಾಗ ಮಗನ ಕಡೆ ನೋಡಿ ಹೇಳಿದರು: "ಯಾರು ಏನಂದ್ರೂ ತಲೆ ಆಡ್ಸೋ ಓತಿಕ್ಯಾತ ಮನೇಲಿ ಒಂದಿತ್ತು. ಈಗ ಜೋಡಿ ಆಯ್ತು." ಮಗ ನಕ್ಕು ತಲೆಯಾಡಿಸಿದ. ಅತ್ತೆ ಸೊಸೆಗೆ ಕಣ್ಣಲ್ಲೇ ತೋರಿಸಿದರು.

ಆಮೇಲೆ ಗಡ್ಡಪ್ಪ ಬಾಯಿ ತೆರೆದುಕೊಂಡು ಕೂರತೊಡಗಿದ. ಹಾಡುತ್ತಿದ್ದಾನೆ ಎಂದು ನಕ್ಕರು. ಗಾಜಿಗೆ ಹೊಟ್ಟೆ ಒತ್ತಿ ನಿಂತು ಪರಪರ ಕೆರೆದ. ಹೊರಗೆ ಬರುವ ಆಸೆ ಎಂದುಕೊಂಡರು. ಒಂದು ಮೂಲೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡಿದ. ಮೈಯಲ್ಲಿ ಶಕ್ತಿ ಬಂತು ಎಂದು ಮಗಳು ಹಿಗ್ಗಿದಳು. ಓಟ ನಿಂತಿತು, ತಿನ್ನುವುದೂ ನಿಂತಿತು. ಮುಖದ ಮುಂದೆ ಮಿಡತೆ ಕುಪ್ಪಳಿಸಿದರೂ ಗಡ್ಡಪ್ಪ ರೆಪ್ಪೆ ಎತ್ತಲಿಲ್ಲ. ಆಕೆ ಗಾಬರಿಯಿಂದ ಕಲ್ಲುಗಳನ್ನು ಮತ್ತೆ ಮತ್ತೆ ರೆಪ್ಪೆಗೆ ಒತ್ತಿ ನೋಡಿದಳು. ಕಾವಿನಲ್ಲಿ ಎಲ್ಲೂ ಲೋಪವಿರಲಿಲ್ಲ. ಲೋಪ ಕಾಣದ್ದಕ್ಕೆ ಕಂಬಳಿಯನ್ನು ಇನ್ನೊಂದು ಸುತ್ತು ಸುತ್ತಿದಳು.

ಬೆಳಗಾಗುವಷ್ಟರಲ್ಲಿ ಗಡ್ಡಪ್ಪ ಹೊಟ್ಟೆಯ ಮೇಲೆ ಬಿದ್ದಿದ್ದ. ಕೆಲಸಕ್ಕೆ ರಜೆ ಹೇಳಿ, ಮಗಳನ್ನೂ ಗಂಡನನ್ನೂ ಕರೆದುಕೊಂಡು, ಹಾವು ಓತಿಗಳನ್ನು ನೋಡುವ ಡಾಕ್ಟರಮ್ಮ ಇರುವ ಊರಿಗೆ ಬಸ್ಸು ಹತ್ತಿದಳು. ಡಬ್ಬಿ ಮಡಿಲಲ್ಲಿತ್ತು. ದಾರಿಯುದ್ದಕ್ಕೂ ಮಗಳು ಒಂದೇ ಪ್ರಶ್ನೆ ಕೇಳಿದಳು, ಬದುಕುತ್ತಾನಾ ಎಂದು. ಆಕೆ ಒಂದೇ ಉತ್ತರ ಕೊಟ್ಟಳು, ಡಾಕ್ಟರಮ್ಮನನ್ನು ಕೇಳೋಣ ಎಂದು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಗಡ್ಡಪ್ಪನ ಬಾಯಿ ಬಿಡಿಸಿ ನೋಡಿದರು, ಚರ್ಮ ಚಿವುಟಿ ನೋಡಿದರು, ಸೂಜಿಯಲ್ಲಿ ನೀರು ಕೊಟ್ಟರು. ಮನೆಯಲ್ಲಿ ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದರು. ಗಂಡ ಹೆಮ್ಮೆಯಿಂದ ಫೋನಿನಲ್ಲಿದ್ದ ಫೋಟೊ ತೋರಿಸಿದ. ಫ್ಯಾನು ಯಾಕೆ, ಕಂಬಳಿ ಯಾಕೆ ಎಂದು ಅವರು ಕೇಳಿದ್ದಕ್ಕೆ ಆಕೆ, ಮೂಲೆ ಮೂಲೆಗೂ ಒಂದೇ ಕಾವು ಇರಲಿ ಅಂತ ಎಂದು ಉತ್ತರಿಸಿದಳು.

"ಇದಕ್ಕೆ ಸೆಕೆ ಆದ್ರೆ ಎಲ್ಲಿಗೆ ಹೋಗ್ಬೇಕು?" ಎಂದರು ಡಾಕ್ಟರಮ್ಮ.

ಆಕೆಗೆ ಗೊತ್ತಿದ್ದದ್ದು ಮೊಟ್ಟೆ. ಮೊಟ್ಟೆ ಎಲ್ಲಿಗೂ ಹೋಗುವುದಿಲ್ಲ.

ಡಾಕ್ಟರಮ್ಮ ಬಯ್ಯಲಿಲ್ಲ. ಇದರ ರಕ್ತಕ್ಕೆ ತನ್ನದೇ ಬಿಸಿ ಇಲ್ಲ. ಬೇಕಾದಾಗ ಬಿಸಿಲಿಗೆ ಹೋಗುತ್ತದೆ, ಸಾಕಾದಾಗ ನೆರಳಿಗೆ ಬರುತ್ತದೆ. ಹೀಗೆ ಹೋಗಿ ಬರುವುದೇ ಅದರ ಆರೋಗ್ಯ. ನೀವು ಕೊಟ್ಟಿರುವುದು ನಾಲ್ಕೂ ಕಡೆ ಬಿಸಿಲು. ಬಾಯಿ ತೆರೆದದ್ದು ಸೆಕೆ ಹೊರಹಾಕಲು, ಗಾಜು ಕೆರೆದದ್ದು ನೆರಳು ಹುಡುಕಲು. ಇಷ್ಟನ್ನು ಹೇಳಿ, ಬದುಕುವ ಸಾಧ್ಯತೆ ಇದೆ, ಆದರೆ ಇನ್ನೊಂದು ಸಲ ಹೀಗಾದರೆ ತಡೆಯುವುದಿಲ್ಲ ಎಂದರು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮಗಳಿಂದ ಅಲ್ಲೇ ಮಾಡಿಸಿ ನೋಡಿದರು.

ಡಬ್ಬಿ ಹಿಡಿದು ಬಸ್ಸಿನಲ್ಲಿ ವಾಪಸು ಹೊರಟರು. ಯಜಮಾನರ ಮಗ ನೋಡದೆ ಇದ್ದು ಕೊಲ್ಲಲು ಹೊರಟಿದ್ದ. ತಾವು ನೋಡಿ ನೋಡಿ ಕೊಲ್ಲಲು ಹೊರಟಿದ್ದೆವು ಎಂಬುದು ಇಬ್ಬರಿಗೂ ಗೊತ್ತಾಗಿತ್ತು.

ಮನೆಗೆ ಬಂದವನೇ ಗಂಡ, ತಾನೇ ಎಳೆದ ಅಂಟನ್ನು ಚಾಕು ಹಾಕಿ ಕಿತ್ತ. ಪೆಟ್ಟಿಗೆಯ ಒಂದು ಪಕ್ಕದ ಗಾಜು ಪೂರ್ತಿ ತೆಗೆದು ತಂತಿಬಲೆ ಕೂರಿಸಿದ. ದೀಪ ಇನ್ನೊಂದು ತುದಿಗೆ ಹೋಯಿತು, ಅದರ ಕೆಳಗೆ ಚಪ್ಪಟೆ ಕಲ್ಲು. ಬಲೆಯ ಕಡೆ ನೆಲಕ್ಕೆ ಹಾಸುವ ಹೆಂಚು, ಮೇಲೊಂದು ಮರದ ತುಂಡಿನ ನೆರಳು. ಫ್ಯಾನೂ ಕಂಬಳಿಯೂ ಹೊರಗೆ ಬಂದವು. ಗಡ್ಡಪ್ಪನನ್ನು ನಡುವೆ ಬಿಟ್ಟರು. ಅವನು ಹೊಟ್ಟೆ ಎಳೆದುಕೊಂಡು ತಂಪಿನ ಮೂಲೆಗೆ ಹೋಗಿ ಹೆಂಚಿಗೆ ಗಡ್ಡ ಒತ್ತಿ ಮಲಗಿದ. ಸಂಜೆ ಎದ್ದು ಬಿಸಿಕಲ್ಲಿನ ಕಡೆ ನಡೆದ. ಸ್ವಲ್ಪ ಹೊತ್ತಿಗೆ ಮತ್ತೆ ಹೆಂಚಿಗೆ. ನಾಲ್ವರೂ ಟೀವಿ ಬಿಟ್ಟು ಅವನು ಅತ್ತ ಇತ್ತ ನಡೆಯುವುದನ್ನು ನೋಡುತ್ತ ಕೂತರು. ಅತ್ತೆಯ ಕುರ್ಚಿ ಯಾವಾಗಲೋ ಪೆಟ್ಟಿಗೆಯ ಪಕ್ಕಕ್ಕೆ ಬಂದಿತ್ತು.

ಈ ಕಥೆಯನ್ನು ಕಾವು ಕೋಣೆಯಲ್ಲಿ ಹೇಳಿದಾಗ ಪಕ್ಕದವಳು ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡು, "ನಿಮ್ಮ ಡಾಕ್ಟರಮ್ಮನ್ನ ಒಂದ್ಸಲ ಇಲ್ಲಿಗೂ ಕರಕೊಂಡು ಬಾರೇ," ಎಂದಳು. ಎಲ್ಲರೂ ನಕ್ಕರು. ನೀರು ಕುಡಿಯಲು ಹೊರಗೆ ಬಿಡುವ ಗಂಟೆ ಇನ್ನೂ ಹೊಡೆದಿರಲಿಲ್ಲ.

ಗಡ್ಡಪ್ಪ ಮೈ ತುಂಬಿಕೊಂಡ. ಹಳೇ ಚರ್ಮ ಚೂರುಚೂರಾಗಿ ಉದುರಿ ಒಳಗಿಂದ ಮಣ್ಣುಬಣ್ಣದ ಹೊಸ ಮೈ ಬಂತು. ಅತ್ತೆ ಸೊಪ್ಪು ಬಿಡಿಸುವಾಗ ಎಳೆಯ ಎಲೆ ಅವನಿಗೆ ತೆಗೆದಿಟ್ಟು, ಉಳಿದದ್ದು ಮನೆಯವರಿಗೆ ಎನ್ನುವ ಹಂತಕ್ಕೆ ಬಂದರು. ಮಗಳು ಶಾಲೆಯಿಂದ ಬಂದು ಪಾಠ ಓದುವಾಗ ಅವನು ಕತ್ತು ಓರೆ ಮಾಡಿ ಕೇಳುತ್ತಿದ್ದ. ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಮುಂಗೈ ಒಂದನ್ನು ಎತ್ತಿ ಗಾಳಿಯಲ್ಲಿ ನಿಧಾನಕ್ಕೆ ತಿರುಗಿಸುತ್ತಿದ್ದ. ಅದು ಟಾಟಾ ಅಲ್ಲ, ನನ್ನನ್ನು ಏನೂ ಮಾಡಬೇಡಿ ಎಂದು ಬೇಡಿಕೊಳ್ಳುವುದು ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದ ಮೇಲೆ ಆ ಮನೆಯಲ್ಲಿ ಬಾಗಿಲುಗಳನ್ನು ಮೆಲ್ಲಗೆ ಹಾಕತೊಡಗಿದರು.

ಅವನ ಫೋಟೊಗಳು ಗಂಡನ ಫೋನಿನಿಂದ ಹೆಂಡತಿಯ ಫೋನಿಗೆ, ಅಲ್ಲಿಂದ ಕಾವು ಕೋಣೆಗೆ, ಅಲ್ಲಿಂದ ಯಾರ ಯಾರ ಕೈಗೋ ಹೋದವು. ಒಂದು ದಿನ ಯಜಮಾನರು ಆಕೆಯನ್ನು ಒಬ್ಬಳನ್ನೇ ಕಚೇರಿಗೆ ಕರೆಸಿದರು. ಓತಿ ಚೆನ್ನಾಗಿ ಆಗಿದೆಯಂತೆ, ಸಂತೋಷ ಎಂದರು. ಮಗ ಈಗ ಹೊಸದೊಂದು ತಂದಿದ್ದಾನೆ, ಇದಕ್ಕಿಂತ ದೊಡ್ಡದು. ರಜೆಯ ದಿನ ಅವನ ಗೆಳೆಯರು ಮನೆಗೆ ಬರುತ್ತಾರೆ. ಹಳೆಯದೂ ಜೊತೆಗಿರಲಿ ಎಂದು ಹಟ ಹಿಡಿದಿದ್ದಾನೆ. ಎಷ್ಟಾದರೂ ಅವನದೇ ಅಲ್ಲವೇ? ಅವತ್ತು ಬೆಳಿಗ್ಗೆ ಮನೆಗೆ ತಂದುಬಿಡು. ನಿನ್ನ ಮಗಳಿಗೆ ಒಳ್ಳೆಯ ಮೊಲ ಕೊಡಿಸುತ್ತೇನೆ.

"ಆಯ್ತು ಸಾರ್," ಎಂದಳು ಆಕೆ. ಇಷ್ಟು ವರ್ಷ ಆ ಕಚೇರಿಯಲ್ಲಿ ನಿಂತು ಆಡಿದ್ದು ಅದೊಂದೇ ಮಾತು, ಅದು ತಾನಾಗಿ ಬಂತು.

ಮನೆಯಲ್ಲಿ ಅದನ್ನು ಹೇಳಿದಾಗ ಅತ್ತೆ ಕೆಂಡವಾದರು. ಕೊಟ್ಟಾಗ ಹೆಣ, ಈಗ ಓತಿಯಾಯಿತೇ ಎಂದರು. ಗಂಡ, ಒಪ್ಪಿಕೊಂಡು ಬಂದಿದ್ದೀಯ, ಕೊಡದಿದ್ದರೆ ನಿನ್ನ ಕೆಲಸ ಉಳಿಯುವುದಿಲ್ಲ ಎಂದ. ಅದು ಸುಳ್ಳಾಗಿರಲಿಲ್ಲ. ಮಗಳು ಅಳಲಿಲ್ಲ. ಪೆಟ್ಟಿಗೆಯ ಎದುರು ಕೂತು ಒಂದು ಮಾತು ಕೇಳಿದಳು: "ಅವರ ಪೆಟ್ಟಿಗೇಲಿ ತಂಪಿನ ಮೂಲೆ ಇದೆಯಾ ಅಮ್ಮ?"

ನೋಡುತ್ತೇನೆ ಎಂದಳು ಆಕೆ. ಇಲ್ಲದಿದ್ದರೆ ಮಾಡಿಸುತ್ತೇನೆ ಎಂದಳು. ಮಗಳು ಏನೇನು ಹೇಳಬೇಕೆಂದು ಪಾಠ ಹೇಳಿಕೊಟ್ಟಳು: ಮರಳು ಹಾಕಬಾರದು, ಹೊಟ್ಟೆಗೆ ಹೋಗುತ್ತದೆ, ಮಿಡತೆ ಅವನ ತಲೆಯಷ್ಟು ದೊಡ್ಡದಿರಬಾರದು, ಹಿಂದಿನಿಂದ ಎತ್ತಬಾರದು, ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಬೇಕು. ತಾಯಿ ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದಳು.

ರಜೆಯ ದಿನ ಗಡ್ಡಪ್ಪನನ್ನು ಬುಟ್ಟಿಯಲ್ಲಿ ಬಟ್ಟೆ ಹಾಸಿ ಕೂರಿಸಿಕೊಂಡು ಹೊರಟಳು. ಯಜಮಾನರ ಮನೆಯ ಹಜಾರದಲ್ಲಿ ಹುಡುಗರು ತುಂಬಿದ್ದರು. ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆ. ಆಕೆ ಮೊದಲು ನೋಡಿದ್ದು ದೀಪವನ್ನು. ಅದು ಒಂದು ತುದಿಯಲ್ಲಿತ್ತು. ಇನ್ನೊಂದು ತುದಿಯಲ್ಲಿ ನೆರಳು, ನೀರಿನ ಬಟ್ಟಲು. ತಮ್ಮ ಪೆಟ್ಟಿಗೆಗಿಂತ ಎಷ್ಟೋ ಮೇಲು. ಮಗಳಿಗೆ ಇದನ್ನು ಹೇಳಬಹುದು ಎಂದುಕೊಂಡಳು.

ಬುಟ್ಟಿಯ ಬಟ್ಟೆ ಸರಿಸಿದಳು. ಪೆಟ್ಟಿಗೆಯೊಳಗಿನ ದೊಡ್ಡ ಓತಿ ಗಡ್ಡಪ್ಪನನ್ನು ಕಂಡಿತು. ಅದರ ಗಡ್ಡ ಉಬ್ಬಿ, ನೋಡನೋಡುತ್ತ ಇದ್ದಿಲಿನಷ್ಟು ಕಪ್ಪಾಯಿತು. ಬಾಯಿ ತೆರೆದು ನುಗ್ಗಿ ಬಂದು ಗಾಜಿಗೆ ಮೂತಿ ಬಡಿಯಿತು, ಹಿಂದೆ ಸರಿದು ಮತ್ತೆ ಬಡಿಯಿತು. ಗಡ್ಡಪ್ಪ ಬುಟ್ಟಿಯ ತಳಕ್ಕೆ ಅಂಟಿಕೊಂಡ. ಮುಂಗೈ ಎತ್ತಿ ನಿಧಾನಕ್ಕೆ ತಿರುಗಿಸಿದ.

ಹುಡುಗರು ನಕ್ಕರು. ಒಬ್ಬ ಆಗಲೇ ಫೋನು ಹಿಡಿದು ನಿಂತಿದ್ದ. "ಬಿಡಿ ಆಂಟಿ. ಯಾವುದು ಗೆಲ್ಲುತ್ತೆ ನೋಡೋಣ," ಎಂದ. ಹಳೆಯದಕ್ಕೆ ಒಂದು ಬೆರಳು ಮೊದಲೇ ಇಲ್ಲ, ಅದು ಸೋಲುತ್ತದೆ ಎಂದು ಯಜಮಾನರ ಮಗ ಗೆಳೆಯರಿಗೆ ಹೇಳುತ್ತಿದ್ದ.

ಬೇರೆ ಪೆಟ್ಟಿಗೆ ಇದೆಯೇ ಎಂದು ಆಕೆ ಯಜಮಾನರನ್ನು ಕೇಳಿದಳು. ಇಲ್ಲ ಎಂದರು. ಹೊಸದರಲ್ಲಿ ಸ್ವಲ್ಪ ಗುದ್ದಾಡುತ್ತವೆ, ಆಮೇಲೆ ತಾವೇ ಹೊಂದಿಕೊಳ್ಳುತ್ತವೆ ಎಂದರು. ಮಗನಿಗೆ ಸನ್ನೆ ಮಾಡಿದರು, ಅವನು ಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದ. ಯಜಮಾನರು ಬುಟ್ಟಿಗೆ ಕೈ ಚಾಚಿದರು. ಆಕೆ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು.

ಕೈ ಗಾಳಿಯಲ್ಲೇ ಉಳಿಯಿತು. ಹುಡುಗರು ಆಕೆಯ ಮುಖ ನೋಡಿದರು. ಯಜಮಾನರು ಹತ್ತಿರ ಬಂದು, ಮಕ್ಕಳಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ನಾಳೆ ಬೆಳಿಗ್ಗೆ ನೀನು ಎಲ್ಲಿಗೆ ಬರ್ಬೇಕು ಅನ್ನೋದು ನೆನಪಿದೆ ತಾನೇ?"

"ನೆನಪಿದೆ ಸಾರ್," ಎಂದಳು ಆಕೆ, ಎಲ್ಲರಿಗೂ ಕೇಳುವ ಹಾಗೆ.

"ಹಾಗಾದ್ರೆ ಬಿಡು."

"ಬಿಡಲ್ಲ."